ಮರೇತಾ ಹಾಕಿದ ಬೋರ್ಡು

ಮಟಾವೆರಾ ಊರಿನ ಮರೇತಾ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಮನೆಯೆದುರಿನ ದೀವಿಹಲಸಿನ ಮರಕ್ಕೆ ಒಂದು ಹಲಗೆ ಹೊಡೆದಳು. ಗಂಡನ ದೋಣಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ, ಒಂದೊಂದೂ ಅಂಗೈಯಗಲದ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಮೇಲೆ ಬರೆದಿತ್ತು: ಮರೇತಾ, ಡಿಸೈನರ್. ಹೊಡೆದದ್ದು ನಾಲ್ಕೇ ಮೊಳೆ. ಸದ್ದು ಮಾತ್ರ ಇಡೀ ರಾರೊಟೊಂಗಾಕ್ಕೆ ಕೇಳಿಸಿತು.

ಕೇಳಿಸದೆ ಏನು? ನಮ್ಮ ದ್ವೀಪಕ್ಕೆ ಇರುವುದು ಒಂದೇ ದೊಡ್ಡ ರಸ್ತೆ. ಸಮುದ್ರದ ಪಕ್ಕಪಕ್ಕದಲ್ಲೇ ಸುತ್ತಿಕೊಂಡು ಹೊರಟ ಜಾಗಕ್ಕೇ ವಾಪಸು ಬಂದು ಸೇರುತ್ತದೆ. ಒಂದು ಬಸ್ಸು ಬಲಸುತ್ತು ಹೋಗುತ್ತದೆ, ಇನ್ನೊಂದು ಎಡಸುತ್ತು. ಬಲಕ್ಕೆ ಹೊರಟ ಗುಲ್ಲು ಎಡಕ್ಕೆ ಹೊರಟ ಗುಲ್ಲನ್ನು ಹತ್ತು ಗಂಟೆಯೊಳಗೆ ಅವರುವಾ ಪೇಟೆಯ ಮಾರುಕಟ್ಟೆಯಲ್ಲಿ ಸೇರಿ, ಎರಡೂ ಕೂತು ಎಳನೀರು ಕುಡಿಯುತ್ತವೆ.

ಮೊದಲು ನೋಡಿದವನು ಗಂಡ ಅಪೋರೊ. ಬಲೆ ಹೆಗಲಿಗೆ ಹಾಕಿಕೊಂಡು ಹೊರಟವನು ಮರದ ಕೆಳಗೆ ನಿಂತ.

"ಇದೇನೇ ಇದು?"

"ಬೋರ್ಡು."

"ಬೋರ್ಡು ಅಂತ ಕಾಣ್ತಿದೆ. ಡಿಸೈನರ್ ಅಂದ್ರೆ ಯಾರು?"

"ನಾನು."

"ನೀನು ಹೋಟ್ಲಲ್ಲಿ ಬೆಡ್‌ಶೀಟ್ ಒಗೆಯೋಳಲ್ವೇನೇ?"

"ಅದು ಎಂಟರಿಂದ ನಾಲ್ಕು ಗಂಟೆವರೆಗೆ."

ಅಪೋರೊ ಕೆಲಸದಲ್ಲಿ ಸೋಮಾರಿಯಲ್ಲ, ಜಗಳದಲ್ಲಿ ಸೋಮಾರಿ. "ಮೊಳೆ ಸೊಟ್ಟ ಹೊಡ್ದಿದೀಯ," ಎಂದು ಒಂದು ಮೊಳೆ ಕಿತ್ತು, ನೆಟ್ಟಗೆ ಹೊಡೆದುಕೊಟ್ಟು, ಮೀನಿಗೆ ಹೋದ.

ಊರಿನವರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಯಾಕೆಂದರೆ ಮರೇತಾ ಮಾಡಿದ್ದು ನಮ್ಮಲ್ಲಿ ಯಾರೂ ಮಾಡದ ಕೆಲಸ. ನಮ್ಮ ಹೆಂಗಸರು ಹೊಲಿಯುವ ತಿವೈವೈ ಕೂಡ ಒಂದು ಬಗೆಯ ಕೌದಿಯೇ ಅನ್ನಿ. ಮದುವೆಯಾದರೆ ಹೆಗಲಿಗೆ ಹೊದಿಸುತ್ತೇವೆ, ಸತ್ತರೆ ಸುತ್ತಿ ಕಳಿಸುತ್ತೇವೆ. ಬಣ್ಣದ ದೊಡ್ಡ ಬಟ್ಟೆಯನ್ನು ಮಡಿಸಿ, ಮಡಿಸಿ, ಮೂರು ಸಲ ಮಡಿಸಿ, ಒಂದೇ ಓಟದಲ್ಲಿ ಕತ್ತರಿಸುತ್ತಾರೆ. ಬಿಚ್ಚಿದರೆ ನಡುವಿನಿಂದ ನಾಲ್ಕೂ ದಿಕ್ಕಿಗೆ ಹೂವೋ ಎಲೆಯೋ ಹರಡಿರುತ್ತದೆ. ಅದನ್ನು ಬಿಳಿ ಬಟ್ಟೆಯ ಮೇಲೆ ಹಾಸಿ ಊರಿನ ಹೆಂಗಸರೆಲ್ಲ ಸುತ್ತ ಕೂತು ತಿಂಗಳುಗಟ್ಟಲೆ ಹೊಲಿಯುತ್ತಾರೆ. ಹೊಲಿಯುವವರು ಹತ್ತು ಜನ, ಏನು ಬರಬೇಕು ಅಂತ ಯೋಚಿಸಿ ಕತ್ತರಿ ಹಿಡಿಯುವವಳು ಒಬ್ಬಳು. ಆ ಒಬ್ಬಳನ್ನು ತಾವುಂಗ ಅನ್ನುತ್ತೇವೆ. ಆ ಹೆಸರನ್ನು ಯಾರೂ ತಾವಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಊರು ಕರೆಯಬೇಕು. ಕರೆದಾಗಲೂ "ಅಯ್ಯೋ ನಾನೇನು ಮಹಾ" ಅನ್ನಬೇಕು.

ಮಟಾವೆರಾಕ್ಕೆ ನಲವತ್ತು ವರ್ಷದಿಂದ ಒಬ್ಬಳೇ ತಾವುಂಗ, ತೆಕುರಾಜ್ಜಿ. ಎಂಬತ್ತು ದಾಟಿದ ಮೇಲೆ ಅವಳ ಕಣ್ಣಿಗೆ ಮಂಜು ಕವಿದು, ಎರಡು ವರ್ಷದಿಂದ ಕತ್ತರಿ ಮುಟ್ಟಿರಲಿಲ್ಲ. ಹೆಂಗಸರು ಹಳೆಯ ಮಾದರಿಗಳನ್ನೇ ಕಾಗದದಿಂದ ಇಳಿಸಿಕೊಂಡು ಹೊಲಿಯುತ್ತಿದ್ದರು. ಅವಳ ಜಾಗ ಖಾಲಿಯಿದೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂಥ ಜಾಗದಲ್ಲಿ ಮರೇತಾ ಬೋರ್ಡು ಹೊಡೆದು ನಿಂತಿದ್ದಳು, ಅದೂ ಇಂಗ್ಲಿಷಿನಲ್ಲಿ.

ಮರೇತಾಳದು ಅಲ್ಲಿಯವರೆಗೆ ಹೇಳಿಕೊಳ್ಳುವಂಥ ಬದುಕೇನಲ್ಲ. ಅಪ್ಪ ಕೆಸುವಿನ ಗೆಡ್ಡೆ ಬೆಳೆಯುತ್ತಿದ್ದ. ಹದಿನಾರಕ್ಕೆ ಊರಿನ ಹೊಲಿಗೆ ಗುಂಪಿನಲ್ಲಿ ಕೂತಳು, ಹತ್ತೊಂಬತ್ತಕ್ಕೆ ಹೋಟೆಲಿನ ಒಗೆಯುವ ಕೋಣೆ ಸೇರಿದಳು. ಅಂದಿನಿಂದ ಮುಂಜಾನೆ ಬೆಡ್‌ಶೀಟ್ ಮಡಿಸುವುದು, ಮಂಗಳವಾರ ಮಧ್ಯಾಹ್ನ ಬೇರೆಯವರು ಕತ್ತರಿಸಿದ ಹೂವಿಗೆ ಹೊಲಿಗೆ ಹಾಕುವುದು. ಅವಳ ಹೊಲಿಗೆ ಸಾಸಿವೆಗಿಂತ ಸಣ್ಣದು. ಅದನ್ನು ಎಲ್ಲರೂ ಹೊಗಳುತ್ತಿದ್ದರು. ಆದರೆ ತಿವೈವೈ ಹರಡಿ ತೋರಿಸುವ ದಿನ ಹೇಳುತ್ತಿದ್ದದ್ದು ಕತ್ತರಿಸಿದವಳ ಹೆಸರನ್ನು, ಹೊಲಿದವರದ್ದಲ್ಲ. ಮೂವತ್ತಾರು ವರ್ಷ ಮರೇತಾ ಆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸಿ ದಾರದ ಗಂಟು ಹುಡುಕುತ್ತಿದ್ದಳು. ಹೊಟ್ಟೆಕಿಚ್ಚು ಕಣ್ಣಲ್ಲಿ ಕಾಣಬಾರದಲ್ಲ!

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಒಗೆಯುವ ಮಿಷನ್ನು ತಿರುಗುವ ಹೊತ್ತಿನಲ್ಲಿ ಅವಳು ಬಟ್ಟೆ ಲೆಕ್ಕದ ಚೀಟಿಗಳ ಹಿಂದೆ ಮಾದರಿ ಬರೆಯುತ್ತಿದ್ದಳು. ಮನೆಗೆ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ದಾಸವಾಳ, ದೇವಗಣಗಿಲೆ ಎಲ್ಲರೂ ಮಾಡುತ್ತಾರೆ. ಇವಳು ಬರೆದದ್ದು ಬಂಡೆಗೆ ಕಚ್ಚಿಕೊಂಡ ಏಡಿ, ಮಳೆ ಬಿದ್ದ ಕೆಸುವಿನೆಲೆ, ಹಂದಿಗೂಡಿನ ಗೋಡೆ ಹತ್ತಿದ ಕುಂಬಳದ ಬಳ್ಳಿ.

ಜುಲೈ ತಿಂಗಳಲ್ಲಿ ಮೆಲ್ಬರ್ನ್ ಕಡೆಯ ಹೆಂಗಸೊಬ್ಬಳು ಕಳೆದುಹೋದ ಅಂಗಿ ಹುಡುಕಿಕೊಂಡು ಒಗೆಯುವ ಕೋಣೆಗೇ ಬಂದಳು. ಅಂಗಿ ಸಿಕ್ಕಿತು. ಆದರೆ ಅವಳ ಕಣ್ಣು ಮೇಜಿನ ಮೇಲಿದ್ದ ಚೀಟಿಗೆ ಬಿತ್ತು.

"ಈ ಬಳ್ಳಿ ಯಾರು ಬರೆದಿದ್ದು?"

"ನಾನೇ. ಸುಮ್ನೆ, ಹೊತ್ತು ಹೋಗ್ಲಿ ಅಂತ."

"ಓ, ನೀವು ಡಿಸೈನರ್ರಾ?"

"ಇಲ್ಲಮ್ಮ, ನಾನು ಒಗೆಯೋಳು."

"ನಾನೂ ಡಿಸೈನರ್ರೇ," ಎಂದು ಅವಳು ಚೀಲದಿಂದ ಒಂದು ಕಾರ್ಡು ತೆಗೆದುಕೊಟ್ಟಳು.

ಮರೇತಾ ಕಾರ್ಡು ತಿರುಗಿಸಿ ಮುರುಗಿಸಿ ನೋಡಿದಳು. "ಅಂದ್ರೆ ಏನು ಕೆಲ್ಸ ಮಾಡ್ತೀರಿ?"

"ಅಂಗಡಿಗಳಲ್ಲಿ ಯಾವುದು ಎಲ್ಲಿರ್ಬೇಕು, ಹೇಗಿರ್ಬೇಕು ಅಂತ ಹೇಳ್ತೀನಿ."

"ಮಾಡೋದು ಯಾರು?"

"ಮಾಡೋರು ಬೇರೆ."

ಇದು ನಮ್ಮ ತೆಕುರಾಜ್ಜಿ ಕೆಲಸವೇ ಅಲ್ಲವೇ ಅಂತ ಮರೇತಾಳಿಗೆ ಥಟ್ಟನೆ ಹೊಳೆಯಿತು. ಅವಳು ತಡೆಯಲಾರದೆ ಕೇಳಿಯೇಬಿಟ್ಟಳು: "ಈ ಹೆಸ್ರು ನಿಮಗೆ ಯಾರು ಕೊಟ್ರು?"

ಆ ಹೆಂಗಸಿಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕಳು. "ನಾನೇ ಅಚ್ಚು ಹಾಕಿಸ್ಕೊಂಡೆ. ಇನ್ಯಾರು ಕೊಡ್ತಾರೆ?"

ಆ ದಿನ ಮರೇತಾ ಸ್ಕೂಟರಿನಲ್ಲಿ ಮನೆಗೆ ಹೊರಟವಳು ಮನೆ ದಾಟಿ ಎರಡು ಮೈಲಿ ಮುಂದೆ ಹೋಗಿದ್ದಳು. ಗಾಳಿಗೆ ಬಾಯಿ ತೆರೆದು ಚರ್ಚಿನ ಹಾಡು ಜೋರಾಗಿ ಹಾಡುತ್ತಿದ್ದಳಂತೆ. ನಾನೇ ಅಚ್ಚು ಹಾಕಿಸಿಕೊಂಡೆ! ಇಷ್ಟು ಸಲೀಸೇ? ಮೂವತ್ತಾರು ವರ್ಷ ಕಾದದ್ದೆಲ್ಲ ಸುಮ್ಮಸುಮ್ಮನೆಯೇ? ಮೈಯಲ್ಲಿ ಜ್ವರ ಬಂದವರ ಹಾಗೆ ಒಂದು ವಾರ ಓಡಾಡಿದಳು. ಶನಿವಾರಕ್ಕೆ ಬೋರ್ಡು ಸಿದ್ಧವಾಯಿತು.

ಆಮೇಲಿನದು ಊರಿನ ಪಾಳಿ. ಬಲಸುತ್ತಿನ ಬಸ್ಸಿನವನು ಮರದ ಹತ್ತಿರ ಬಂದಾಗಲೆಲ್ಲ ನಿಧಾನ ಮಾಡಿ ಎರಡು ಸಲ ಹಾರನ್ ಹೊಡೆಯತೊಡಗಿದ. ಒಬ್ಬ ಸ್ಕೂಟರಿನ ಹರಿದ ಸೀಟು ತಂದು, ಇದಕ್ಕೊಂದು ಡಿಸೈನ್ ಆಗಬೇಕಿತ್ತು ಅಂದ. ಎಲ್ಲರಿಗಿಂತ ಹರಿತ ನಾಲಿಗೆ ರೋಂಗೊಳದು. ಇವಳೂ ಹೊಲಿಗೆ ಗುಂಪಿನವಳೇ, ಶನಿವಾರ ಮಾರುಕಟ್ಟೆಯಲ್ಲಿ ಹಣ್ಣು ಮಾರುತ್ತಾಳೆ.

"ಏನಮ್ಮಾ ಡಿಸೈನರ್ರು! ನನ್ನ ಪಪ್ಪಾಯಿಗೂ ಒಂದು ಡಿಸೈನ್ ಮಾಡ್ಕೊಡಮ್ಮ, ಬೇಗ ಖರ್ಚಾಗ್ಲಿ."

"ನಿನ್ನ ಪಪ್ಪಾಯಿ ಕೊಳೆತಿದೆ ರೋಂಗೊ, ಡಿಸೈನ್ ಆಗ್ಲೇ ಮೂಡಿದೆ," ಎಂದಳು ಮರೇತಾ.

ಮಾತಿಗೆ ಮಾತು ಕೊಟ್ಟದ್ದೇನೋ ಸರಿ. ಆದರೆ ಭಾನುವಾರ ಪಾದ್ರಿಗಳು ಅಹಂಕಾರದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಯಾರ ಹೆಸರೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮರೇತಾಳೇ ತಲೆಯ ಮೇಲಿನ ಹ್ಯಾಟು ಸರಿಮಾಡಿಕೊಂಡಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮನೆಗೆ ಬಂದವಳೇ ಸುತ್ತಿಗೆ ಹುಡುಕಿದಳು, ಸಿಕ್ಕಿತು, ಮರದ ಹತ್ತಿರ ಹೋದಳು. ಹೋಗಿ, ಸಡಿಲವಾಗಿದ್ದ ಒಂದು ಮೊಳೆಯನ್ನು ಇನ್ನಷ್ಟು ಗಟ್ಟಿಯಾಗಿ ಬಡಿದು ಬಂದಳು. ಹಟ ಅಂದರೆ ಅದು.

ಸೋಮವಾರ ಸಂಜೆ ತೆಕುರಾಜ್ಜಿ ಬಂದಳು. ಮೊಮ್ಮಗಳು ಇನಾಳ ಸ್ಕೂಟರಿನ ಹಿಂದೆ ಅಡ್ಡಡ್ಡ ಕೂತು, ಕೋಲು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಊರೆಲ್ಲ ನಕ್ಕರೂ ಮರೇತಾ ತಡೆದುಕೊಂಡಾಳು, ಈ ಒಬ್ಬಳು ನಕ್ಕರೆ ಮುಗಿದೇಹೋಯಿತು.

ಅಜ್ಜಿ ಮರದ ಹತ್ತಿರ ಹೋಗಿ ಮೂಗು ತಾಗುವಷ್ಟು ಮುಖ ತಂದು ನೋಡಿದಳು. "ಪರವಾಗಿಲ್ಲ ಕಣೇ. ಇಷ್ಟು ದಪ್ಪಕ್ಕೆ ಬರ್ದಿದೀಯ, ನನ್ನ ಕಣ್ಣಿಗೂ ಕಾಣ್ತಿದೆ."

"ಅಜ್ಜಿ, ನಾನು..."

"ಇರು. ಏನೇನು ಮಾಡಿದೀಯ, ತಗೊಂಬಾ."

ಮರೇತಾ ಬಿಸ್ಕತ್ತಿನ ಡಬ್ಬಿ ತಂದಳು. ಅಜ್ಜಿ ಒಂದು ಚೀಟಿ ಎತ್ತಿ ಕಣ್ಣಿಗೆ ಹಿಡಿದು ಕೆಳಗಿಟ್ಟಳು. "ಪೆನ್ಸಿಲ್ ಗೀರು ನನಗೆಲ್ಲಿ ಕಾಣ್ಬೇಕು? ಬಾಯಲ್ಲಿ ಹೇಳು."

ಮರೇತಾ ಹೇಳತೊಡಗಿದಳು. ಮೊದಲು ತಡವರಿಸಿದಳು, ಆಮೇಲೆ ಕೈ ಆಡಿಸಿದಳು, ಆಮೇಲೆ ಎದ್ದು ನಿಂತಳು. ಏಡಿಯ ಕೊಂಬು ಎಲ್ಲಿ ತಿರುಗುತ್ತದೆ, ಎಲೆಯ ಮೇಲೆ ಹನಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿಳಿ ಬಿಡಬೇಕು, ಯಾಕೆ ಬಿಡಬೇಕು. ಇಷ್ಟು ವರ್ಷ ಬಾಯಿ ಕಟ್ಟಿದ್ದ ಹೆಂಗಸು ಒಂದು ಗಂಟೆ ನಿಲ್ಲಿಸಲಿಲ್ಲ. ಒಳಗೆ ಅಪೋರೊ ಮೀನು ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟು ಕೇಳುತ್ತ ಕೂತ.

"ಆ ಕುಂಬಳದ ಬಳ್ಳಿದು ಇನ್ನೊಂದ್ಸಲ ಹೇಳು," ಎಂದಳು ಅಜ್ಜಿ. ಹೇಳಿದ್ದಾಯಿತು. "ಇನಾಗೆ ಕ್ರಿಸ್‌ಮಸ್ ವಾರ ಮದ್ವೆ. ಅವಳ ತಿವೈವೈಗೆ ಅದನ್ನೇ ಕತ್ತರ್ಸು. ಬರೋ ವಾರದ ಮಂಗಳವಾರ, ಎಲ್ಲರ ಎದುರಿಗೆ."

ಇನಾ ಬೆಚ್ಚಿಬಿದ್ದಳು. "ಕುಂಬಳಕಾಯಾ? ನನ್ನ ಮದ್ವೆಗಾ ಅಜ್ಜಿ?"

"ಬಾಯ್ಮುಚ್ಚೇ. ಹೊದ್ಕೊಳ್ಳೋದಷ್ಟೇ ನಿನ್ನ ಕೆಲ್ಸ." ಅಜ್ಜಿ ಮರೇತಾಳ ಕಡೆ ತಿರುಗಿದಳು. "ಒಂದು ಮಾತು ತಿಳ್ಕೋ. ಬಟ್ಟೆ ಒಂದೇ ಇರೋದು. ಇವಳು ಹುಟ್ಟಿದ ವರ್ಷ ಇವಳ ತಾತ ತಾಹಿಟಿಯಿಂದ ತಂದಿದ್ದು. ಆ ಕೆಂಪು ಈಗ ಯಾವ ಅಂಗಡೀಲೂ ಇಲ್ಲ, ತಂದೋನೂ ಇಲ್ಲ."

ಆ ಎಂಟು ದಿನ ಮರೇತಾ ನೆಲದ ಮೇಲೆ ಇರಲಿಲ್ಲ. ಹಳೆಯ ಪತ್ರಿಕೆಗಳನ್ನೆಲ್ಲ ಮಡಿಸಿ ಕತ್ತರಿಸಿದಳು. ಹೋಟೆಲಿನ ಊಟದ ಕೋಣೆಯ ಕಾಗದದ ಕರವಸ್ತ್ರಗಳು ಒಂದೊಂದಾಗಿ ಬಳ್ಳಿಗಳಾದವು, ಮೇಲ್ವಿಚಾರಕ ತಲೆ ಚಚ್ಚಿಕೊಂಡ. ಬೆಳಗಾದರೆ ಹಂದಿಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಳ್ಳಿ ನೋಡುವುದು.

"ಹಂದಿಗಳು ಸಂಕೋಚ ಪಟ್ಕೊಳ್ತಿವೆ ಕಣೇ," ಎಂದ ಅಪೋರೊ. "ಯಾಕೆ ಹೀಗೆ ನೋಡ್ತಾಳೆ ಅಂತ."

"ಈ ಕುಡಿ ನೋಡು, ಹೇಗೆ ಹಿಡ್ಕೊಂಡಿದೆ! ನೋಡಿದ್ಯಾ?"

"ನೋಡ್ದೆ. ಸಾರು ಮಾಡಿದ್ರೆ ಚೆನ್ನಾಗಿರುತ್ತೆ."

ಮಂಗಳವಾರ ಬಂತು. ಚರ್ಚಿನ ಪಕ್ಕದ ಸಭಾಮನೆಯಲ್ಲಿ ಚಾಪೆ ಹಾಸಿತ್ತು. ಗುಂಪಿನ ಹನ್ನೊಂದು ಹೆಂಗಸರೂ ಬಂದಿದ್ದರು. ಅವರಲ್ಲದೆ ಪಕ್ಕದೂರುಗಳ ಹೆಂಗಸರು ಬಾಗಿಲಲ್ಲಿ, ಕಿಟಕಿಯಲ್ಲಿ ಕಿಕ್ಕಿರಿದಿದ್ದರು; ಬೋರ್ಡಿನವಳು ಕತ್ತರಿ ಹಿಡಿಯುವುದನ್ನು ನೋಡಬೇಕಲ್ಲ. ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನಹಾಲಿನ ಸೊಪ್ಪು ಮೇಜಿನ ಮೇಲೆ ಆರುತ್ತಿದ್ದವು, ಯಾರೂ ಮುಟ್ಟಲಿಲ್ಲ. ಪ್ರಾರ್ಥನೆ ಆಯಿತು. ತೆಕುರಾಜ್ಜಿ ಕೆಂಪು ಬಟ್ಟೆ ಕೊಟ್ಟು, ಗೋಡೆಗೆ ಒರಗಿ ಕೂತಳು.

ಮಡಿಸಿದವರು ಪಾರೆ ಮತ್ತು ರೋಂಗೊ. ಪಾರೆ ಸಾಧು ಹೆಂಗಸು, ಇರುವೆಗೂ ದಾರಿ ಬಿಡುವವಳು. ಇಬ್ಬರೂ ಮೂರು ಮಡಿಕೆ ಹಾಕಿ, ಇಸ್ತ್ರಿ ಮಾಡಿ ಮರೇತಾಳ ಮುಂದೆ ಇಟ್ಟರು. ಮಡಿಸಿದ ಬಟ್ಟೆಯಲ್ಲಿ ಎರಡು ಮುಖ್ಯ ಮೂಲೆ. ಒಂದು ಮುಚ್ಚಿದ ಮೂಲೆ, ಅದು ಬಟ್ಟೆಯ ನಡುಮಧ್ಯ. ಬಳ್ಳಿಯ ಬುಡ ಅಲ್ಲೇ ಬರಬೇಕು, ಆಗ ನಾಲ್ಕೂ ಭಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದರೆದುರಿನದು ಬಿಚ್ಚಿದ ಮೂಲೆ, ಬರೀ ಅಂಚು. ಇಸ್ತ್ರಿ ಬಿದ್ದ ಮೇಲೆ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ತೆಕುರಾಜ್ಜಿ ಕತ್ತರಿ ಎತ್ತುವ ಮೊದಲು ಹೆಬ್ಬೆರಳಿನಿಂದ ಮೂಲೆ ತಡವಿ ನೋಡುತ್ತಿದ್ದಳು, ಪ್ರತಿ ಸಲವೂ. ಮರೇತಾ ಅದನ್ನು ನೂರು ಸಲ ನೋಡಿದ್ದಳು.

ಮಂಡಿಯೂರಿ ಕೂತಳು. ಆಗ ಅವಳಿಗೆ ಅನ್ನಿಸಿತು: ಬಾಗಿಲಲ್ಲಿ ನಿಂತವರಿಗೆ ನನ್ನ ಬೆನ್ನಷ್ಟೇ ಕಾಣುತ್ತದಲ್ಲ.

"ಸ್ವಲ್ಪ ಬಟ್ಟೆ ತಿರುಗ್ಸ್ರೇ. ಆ ಕಡೆ ಕೂತ್ಕೋತೀನಿ, ಬಾಗಿಲಲ್ಲಿ ಇರೋರಿಗೂ ಕಾಣ್ಲಿ."

ಪಾರೆ, ರೋಂಗೊ ಎರಡೂ ತುದಿ ಹಿಡಿದು ತಿರುಗಿಸಿದರು. ಮರೇತಾ ಜಾಗ ಬದಲಿಸಿ ಕೂತು, ಕಾಗದದ ಮಾದರಿ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಾಕಿದಳು.

ಆಹಾ, ಏನು ಓಡಿತು ಆ ಕತ್ತರಿ! ಎಂಟು ಪದರ ಬಟ್ಟೆ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಕುಡಿ ಸುತ್ತಿಕೊಂಡ ಕಡೆ ಅವಳು ಕತ್ತರಿ ತಿರುಗಿಸಲಿಲ್ಲ, ಬಟ್ಟೆಯನ್ನೇ ತಿರುಗಿಸಿದಳು, ಬಾಗಿಲಲ್ಲಿ ಯಾರೋ "ಹೌದಪ್ಪಾ!" ಅಂದರು. ಮೂಲೆಯಲ್ಲಿ ಒಬ್ಬಳು ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು. ಮರೇತಾಳ ಮೂಗಿನ ತುದಿಯಲ್ಲಿ ಬೆವರು, ಬಾಯಲ್ಲಿ ನಗು. ಹುಟ್ಟಿದ್ದು ಇದಕ್ಕೇ ಅನ್ನಿಸಿತು ಅವಳಿಗೆ. ಮುಕ್ಕಾಲು ಗಂಟೆ ಕಳೆದದ್ದು ಗೊತ್ತೇ ಆಗಲಿಲ್ಲ.

"ಬಿಚ್ಚಿ," ಎಂದಳು.

ಮೊದಲ ಮಡಿಕೆ ಬಿಚ್ಚಿದರು, ಬಳ್ಳಿ ಅಗಲವಾಗಿ ತೆರೆಯಿತು. ಎರಡನೆಯದನ್ನು ಬಿಚ್ಚಲು ಪಾರೆ ತುದಿ ಹಿಡಿದು ಎತ್ತಿದಳು. ಎತ್ತಿದ್ದು ಪೂರ್ತಿಯಾಗಿ ಅವಳ ಕೈಗೇ ಬಂದುಬಿಟ್ಟಿತು. ಕೆಳಗೆ ಇನ್ನೊಂದು ಬಳ್ಳಿ ಬಿಡಿಯಾಗಿ ಬಿದ್ದಿತ್ತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಬಟ್ಟೆಯ ನಡುಮಧ್ಯ ಅನ್ನುವುದು ಚಾಪೆಯ ಮೇಲೆ ಚಿಂದಿಯಾಗಿ ಹರಡಿತ್ತು.

ಹಾಡು ನಿಂತಿತು. ಬಿಚ್ಚಿದ ಮೂಲೆಯಿಂದ ಶುರುಮಾಡಿದ್ದಾಳೆ ಅಂತ ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಒಂದೇ ಕ್ಷಣದಲ್ಲಿ ತಿಳಿಯಿತು. ಮರೇತಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಇಲ್ಲಿ ನಮ್ಮ ಹೆಂಗಸರ ಬಗ್ಗೆ ಒಂದು ಮಾತು ಹೇಳಬೇಕು. ಬಾಯಿ ಜೋರು, ಸರಿ. ಆದರೆ ಒಬ್ಬಳು ನಿಜಕ್ಕೂ ಬಿದ್ದಳು ಅಂದರೆ ಎಲ್ಲರೂ ಸೇರಿ ಸೆರಗು ಮುಚ್ಚುತ್ತಾರೆ. ಕೆಟ್ಟ ಬಟ್ಟೆ ದಿಂಬಿನ ಚೀಲವಾಗುತ್ತದೆ, ಕತ್ತರಿಸಿದ್ದು ಯಾರು ಅಂತ ಆಮೇಲೆ ಯಾರೂ ಎತ್ತುವುದಿಲ್ಲ.

"ಹಳೇ ಬಟ್ಟೆ ಕಣ್ರೇ, ಲಡ್ಡಾಗಿತ್ತು," ಎಂದಳು ಒಬ್ಬಳು.

"ಇಸ್ತ್ರಿ ಸರಿಯಾಗಿ ಬಿದ್ದಿರ್ಲಿಲ್ಲ," ಎಂದಳು ರೋಂಗೊ. ಹೌದು, ರೋಂಗೊಳೇ ಅಂದಳು. "ನಾನೇ ಮಾಡಿದ್ದು. ಪೆಟ್ಟಿಗೆ ಕಾದಿರ್ಲಿಲ್ಲ."

ಪಾರೆ ಅಳುತ್ತಿದ್ದಳು. "ನಮ್ಮದೇ ತಪ್ಪು. ನಾವೇ ಉಲ್ಟಾ ತಿರುಗ್ಸಿಬಿಟ್ವಿ. ಮರೇತಾ ಏನು ಮಾಡ್ತಾಳೆ ಪಾಪ."

"ದಿಂಬಿನ ಚೀಲ ಮಾಡಿದ್ರಾಯ್ತು ಬಿಡ್ರೇ. ಚಹಾ ಹಾಕ್ಲಾ?"

ಮರೇತಾ ಸುಮ್ಮನಿದ್ದರೆ ಸಾಕಿತ್ತು. ಚಹಾ ಕುಡಿದು, ಗೆಡ್ಡೆ ತಿಂದು, ಮುಂದಿನ ಮಂಗಳವಾರ ಬೇರೆ ಯಾರದೋ ಹೂವಿಗೆ ಹೊಲಿಗೆ ಹಾಕಬಹುದಿತ್ತು. ಹೊಲಿಯುವವಳಾಗಿ ಅವಳು ಈ ನೆರಳಿನಲ್ಲೇ ಇಷ್ಟು ವರ್ಷ ಸುಖವಾಗಿ ಕೂತಿದ್ದವಳು. ಈಗ ಅಲ್ಲಿಗೇ ವಾಪಸು ಹೋಗಿಬಿಡಬೇಕು ಅಂತ ತುಂಬ ಆಸೆಯಾಯಿತು. ಆದರೆ ಪಾರೆಯ ಕೈಯಲ್ಲಿ ಆ ಬಿಡಿ ಬಳ್ಳಿ ಇನ್ನೂ ನೇತಾಡುತ್ತಿತ್ತು, ಅವಳ ಕಣ್ಣೀರು ಅದರ ಮೇಲೇ ಬೀಳುತ್ತಿತ್ತು. ಏನೂ ಮಾಡದವಳು ಅಳುತ್ತಿದ್ದಳು.

ಮರೇತಾ ಎದ್ದು ನಿಂತಳು.

"ಪಾರೆ, ಅಳ್ಬೇಡ್ವೇ. ನೀವು ತಿರುಗ್ಸಿದ್ದು ನಾನು ಹೇಳಿದ್ದಕ್ಕೆ. ನಾನು ಹೇಳಿದ್ದು ಬಾಗಿಲಲ್ಲಿ ನಿಂತೋರು ನನ್ನ ನೋಡ್ಲಿ ಅಂತ. ಮೂಲೆ ಮುಟ್ಟಿ ನೋಡ್ಲಿಲ್ಲ ನಾನು." ಪಾರೆಯ ಕೈಯಿಂದ ಬಳ್ಳಿ ತೆಗೆದುಕೊಂಡಳು. "ಬಟ್ಟೆ ಚೆನ್ನಾಗಿತ್ತು. ಇಸ್ತ್ರಿ ಚೆನ್ನಾಗಿತ್ತು. ಕತ್ತರ್ಸಿದ್ದು ನಾನು. ತಪ್ಪು ಕತ್ತರ್ಸಿದ್ದೂ ನಾನು. ತೆಕುರಾಜ್ಜಿ, ನಿಮ್ಮ ಯಜಮಾನ್ರು ತಂದ ಬಟ್ಟೆ ಹಾಳು ಮಾಡ್ದೆ."

ಬಾಗಿಲಲ್ಲಿ ನಿಂತವರು ಕಾಲು ಬದಲಿಸಿದರು. ಹಾಗೆ ನಿಂತು ಹೇಳಿದ್ದನ್ನು ಆ ಸಭಾಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಮುಗೀತಾ?" ಎಂದಳು ತೆಕುರಾಜ್ಜಿ ಗೋಡೆಯ ಹತ್ತಿರದಿಂದ.

"ಹೂಂ ಅಜ್ಜಿ."

"ಹಾಗಾದ್ರೆ ಒಂದು ಇತ್ಲಾಗೆ ಕೊಡು."

ಮರೇತಾ ಒಂದು ಬಳ್ಳಿ ಒಯ್ದು ಅವಳ ಮಡಿಲಿನ ಮೇಲೆ ಹರಡಿದಳು. ಅಜ್ಜಿ ಹೆಬ್ಬೆರಳಿನಿಂದ ಅಂಚು ಹಿಡಿದು ಹೊರಟಳು: ಕಾಂಡ, ಎಲೆ, ಮತ್ತೆ ಕಾಂಡ, ಸುತ್ತಿಕೊಂಡ ಕುಡಿ, ಹೂವು. ಕುಡಿಯ ಹತ್ತಿರ ಎರಡು ಸಲ ಹಿಂದೆ ಹೋಗಿ ಬಂದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಈಗೇನು ಮಾಡೋಣ, ಹೇಳು."

"ದಿಂಬಿನ ಚೀಲ..." ಎಂದಳು ರೋಂಗೊ.

"ನಿನ್ನ ಕೇಳಿದ್ನಾ ರೋಂಗೊ? ಹನ್ನೊಂದು ಜನ ಸೂಜಿಗೆ ದಾರ ಏರಿಸ್ಕೊಂಡು ಕೂತಿದಾರೆ. ಕ್ರಿಸ್‌ಮಸ್ಸು ನಮಗೋಸ್ಕರ ಮುಂದೆ ಹೋಗಲ್ಲ. ಏನು ಮಾಡ್ಬೇಕು ಅಂತ ಕತ್ತರ್ಸಿದೋಳು ಹೇಳ್ಬೇಕು."

ಮರೇತಾಳಿಗೆ ಏನೂ ತೋಚಲಿಲ್ಲ. ಆದರೂ ಬಿಳಿ ಬಟ್ಟೆಯನ್ನು ಚಾಪೆಯ ಮೇಲೆ ಹಾಸಿದಳು. ನಾಲ್ಕು ಬಳ್ಳಿಗಳನ್ನು ನಾಲ್ಕು ಮೂಲೆಗೆ ಇಟ್ಟಳು. ನಡುವೆ ಖಾಲಿ ಬಯಲು, ಊರು ಬಿಟ್ಟುಹೋದ ಹಾಗೆ ಕಂಡಿತು. ಬುಡಗಳನ್ನೆಲ್ಲ ನಡುವಿಗೆ ತಂದಳು. ಹೊಂದಲಿಲ್ಲ, ಸುಳ್ಳು ಸುಳ್ಳಾಗಿ ಕಂಡಿತು.

"ಹೀಗಿಟ್ರೆ?" ಎಂದು ಒಬ್ಬಳು ಕೈಹಾಕಿದಳು. "ಅಲ್ಲಲ್ಲ, ಈ ಕಡೆ," ಎಂದು ಇನ್ನೊಬ್ಬಳು.

"ಯಾರೂ ಮುಟ್ಬೇಡಿ!"

ಕೂಗಿದ್ದು ಮರೇತಾ. ಎಲ್ಲರೂ ಕೈ ಹಿಂದಕ್ಕೆಳೆದುಕೊಂಡರು. ಅವಳು ಮೊಣಕಾಲಿನ ಮೇಲೆ ಬಿಳಿ ಬಟ್ಟೆಯ ಮೇಲೇ ಹತ್ತಿ ಓಡಾಡುತ್ತಿದ್ದಳು. ಹಂದಿಗೂಡಿನ ಮುಂದೆ ಎಂಟು ಬೆಳಗು ಕೂತು ತಾನು ನೋಡಿದ್ದೇನು? ಬಳ್ಳಿ ಎಲ್ಲಾದರೂ ನಡುವಿನಿಂದ ಹುಟ್ಟಿ ನಾಲ್ಕು ದಿಕ್ಕಿಗೆ ಸಮವಾಗಿ ಹೋಗುತ್ತದೆಯೇ? ಅದು ಒಂದು ಕಡೆಯಿಂದ ಬರುತ್ತದೆ, ಬಂದು ಗೋಡೆ ಹತ್ತುತ್ತದೆ, ಒಂದರ ಮೇಲೊಂದು ಬಿದ್ದು, ನೂಕಿಕೊಂಡು, ಬಿಸಿಲು ಇದ್ದ ಕಡೆಗೆ ಹೋಗುತ್ತದೆ! ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಅವಳು ಎರಡು ಬಳ್ಳಿಗಳ ಬುಡವನ್ನು ಕಾಲ ಕಡೆಯ ಅಂಚಿಗೆ ತಂದಳು. ಮೂರನೆಯದನ್ನು ಅವುಗಳ ನಡುವಿನಿಂದ ಎಡಕ್ಕೆ ಹತ್ತಿಸಿದಳು. ನಾಲ್ಕನೆಯದನ್ನು ಎಲ್ಲಕ್ಕಿಂತ ಮೇಲೆ, ತಲೆಯ ಕಡೆಗೆ ಓಡಿಸಿ, ಕುಡಿಯನ್ನು ಅಂಚಿನವರೆಗೆ ತಲುಪಿಸಿದಳು. ಚಿಂದಿಯಲ್ಲಿ ಕೈಹಾಕಿ ಹುಡುಕಿ, ಮಡಿಸದೆ, ಗೆರೆ ಎಳೆಯದೆ, ಕಣ್ಣಳತೆಯಲ್ಲೇ ಐದು ಹೂವು ಕತ್ತರಿಸಿ ಅಲ್ಲಲ್ಲಿ ಇಟ್ಟಳು. ಬಾಗಿಲ ಕಡೆ ಪೂರಾ ಬೆನ್ನು ಹಾಕಿದ್ದಳು, ಅದು ಅವಳಿಗೆ ಗೊತ್ತೂ ಇರಲಿಲ್ಲ.

ರೋಂಗೊ ಎದ್ದು ನಿಂತು ನೋಡಿದಳು. "ಅಲ್ವೇ, ಒಂದೇ ಕಡೆ ವಾಲ್ಕೊಂಡಿದೆಯಲ್ಲೇ! ಹೀಗೆ ಯಾರೂ ಮಾಡಿಲ್ಲ ಕಣೇ!"

"ಗೊತ್ತು."

"ಊರೋರು ಏನಂತಾರೆ?"

"ನನ್ನ ಕೇಳೋಕೆ ಹೇಳು. ಎಡಗಡೇದು ಇನ್ನೆರಡು ಬೆರಳು ಮೇಲಕ್ಕೆ. ಅಷ್ಟಲ್ಲ. ಹಾಂ. ಟಾಕು ಹಾಕಿ."

"ಇದು ಚೆನ್ನಾಗಿ ಬರುತ್ತಾ ಮರೇತಾ?" ಎಂದಳು ಪಾರೆ ಮೂಗು ಒರೆಸಿಕೊಂಡು.

"ಬರುತ್ತೋ ಇಲ್ವೋ ಗೊತ್ತಿಲ್ಲ ಕಣೇ. ಆದ್ರೆ ಹೀಗೇ ಇರ್ಬೇಕು. ಬರ್ದೇ ಇದ್ರೆ ನಾನಿದೀನಿ."

ಹನ್ನೊಂದು ಜನವೂ ಬಿಳಿ ಬಟ್ಟೆಯ ಸುತ್ತ ಕೂತರು. ಯಾರೂ ಸೂಜಿ ಚುಚ್ಚಲಿಲ್ಲ. ಮೊದಲ ಹೊಲಿಗೆ ಹಾಕುವುದು ಯಾವಾಗಲೂ ತೆಕುರಾಜ್ಜಿಯೇ. ಎಲ್ಲಿಂದ ಅಂತ ನಲವತ್ತು ವರ್ಷದಿಂದ ಅವಳೇ ತೀರ್ಮಾನಿಸುತ್ತಿದ್ದಳು. ಅಜ್ಜಿ ಕೋಲೂರಿ ಎದ್ದಳು. ಇನಾ ಕೈಹಿಡಿಯಲು ಬಂದರೆ ಬಿಡಿಸಿಕೊಂಡು, ಬಟ್ಟೆಯ ಅಂಚಿಗೆ ಬಂದು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿ ಕೂತಳು. ಕೊರಳಪಟ್ಟಿಗೆ ಚುಚ್ಚಿದ್ದ ಸೂಜಿ ತೆಗೆದು ಹಿಡಿದಳು. ಮಂಜು ಕವಿದ ಕಣ್ಣು ಮರೇತಾ ಇದ್ದ ಕಡೆಗೆ ತಿರುಗಿತು.

"ಎಲ್ಲಿಂದ ಶುರು ಮಾಡ್ಲಿ, ತಾವುಂಗ?"

ಮರೇತಾಳ ಕಣ್ಣು ತುಂಬಿ ಕೆಂಪು ಬಿಳಿ ಎಲ್ಲ ಕಲಸಿಹೋಯಿತು. ಅವಳು ಅಜ್ಜಿಯ ಕೈಯನ್ನು ಸೂಜಿಸಮೇತ ಹಿಡಿದು, ಬಳ್ಳಿಯ ಬುಡದ ಮೇಲೆ ತಂದಿಟ್ಟಳು.

"ಇಲ್ಲಿಂದ ಅಜ್ಜಿ," ಎಂದಳು. "ಹೊಲಿಗೆ ಸಣ್ಣಕ್ಕಿರ್ಲಿ."